ಕೋಡಿಮನೆಯ ನೀರು

“ಇನ್ನೊಮ್ಮಿ ಅನ್ನಲೇ. ಯಾರ ಮನಿ ಹುಡುಗ ನೀನು?”

“ಹಿರೇಗಟ್ಟಿ ಕೋಡಿಮನಿಯವ್ರು ರೀ. ನಿಮ್ಮ ಮಗಳನ್ನ ಕೇಳಾಕ ಬಂದೀನಿ.”

ಪಾಳಿಗೆ ಹೊರಟಿದ್ದ ಗುಂಡಪ್ಪನ ಕೈಯ ಸ್ಪ್ಯಾನರ್ ಪ್ರಜ್ವಲನ ಭುಜಕ್ಕೆ ಬಿತ್ತು. ಎರಡನೆಯ ಏಟಿಗೆ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಹುಡುಗ ಗೋಡೆ ಸವರಿಕೊಂಡು ಕುಸಿದ.

“ಬಸ್ ಪಪ್ಪಾ. ಸತ್ ಹೋಗ್ತಾನೆ ಅವ್ನು,” ಮಗಳು ಪೂರ್ವಿ ತೋಳಿಗೆ ಜೋತುಬಿದ್ದಳು.

“ಸಾಯಲಿ. ಇವನ ಮನಿಯಾವ್ರು ಏನು ಮಾಡ್ಯಾರ ಗೊತ್ತೈತೇನು ನಿನಗ? ಕೆರಿ ನೀರಿಗಾಗಿ ನಮ್ಮ ಮುತ್ತಜ್ಜನ್ನ ಏರಿ ಮ್ಯಾಲೆ ಕಡಿದ್ರು. ಹೆಣಾನ ತೂಬಿಗೆ ತುರುಕಿ ನಮ್ಮ ಹೊಲದ ನೀರು ನಿಲ್ಲಿಸಿದ್ರು.”

ಅಂದಿನಿಂದ ಗುಂಡಪ್ಪನ ಮನೆತನ ಕೋಡಿಮನೆಯವರ ಕೈನೀರು ಮುಟ್ಟುವುದಿಲ್ಲ. ಮುಟ್ಟಿದವನ ಕರುಳು ಕೊಳೆಯುತ್ತದೆ ಎಂದು ಹಿರೇಗಟ್ಟಿ ಊರೇ ನಂಬಿತ್ತು. ಊರು ಬಿಟ್ಟು ಗುಜರಾತಿನ ವಡೋದರೆಯ ಮಕರಪುರದ ಕಾರ್ಖಾನೆಗೆ ಬಂದು ಅರ್ಧ ಆಯುಷ್ಯ ಕಳೆದರೂ ಗುಂಡಪ್ಪ ನಂಬಿದ್ದ. ಅಲ್ಲಿ ಯಾವ ಕನ್ನಡಿಗರ ಮನೆಗೆ ಹೋದರೂ ಊರು ಕೇಳಿಯೇ ಲೋಟ ಹಿಡಿಯುತ್ತಿದ್ದ.

ಸ್ವಂತ ಮನೆಯಲ್ಲಿ ಆ ಚಿಂತೆ ಇರಲಿಲ್ಲ. ಹೆಂಡತಿ ಸಾವಿತ್ರಿ ತನಗೆ ತವರಿಲ್ಲ ಎಂದಿದ್ದಳು. ವಡೋದರೆಯದೇ ಫತೇಗಂಜಿನ ಹಾಸ್ಟೆಲಿನಲ್ಲಿ ಅಡುಗೆಗಿದ್ದಾಗ ಕಂಡು ಕಟ್ಟಿಕೊಂಡಿದ್ದ. ಪಾಳಿ ಮುಗಿಸಿ ಬಂದಾಗಲೆಲ್ಲ ಅವಳು ಬಾಗಿಲಲ್ಲೇ ತಂಬಿಗೆ ನೀರು ಹಿಡಿದು ನಿಂತಿರುತ್ತಿದ್ದಳು. ಜ್ವರ ಬಂದರೂ ಅದನ್ನು ತಪ್ಪಿಸಿದವಳಲ್ಲ. ಪ್ರಜ್ವಲನನ್ನು ಮನೆಗೆ ಬರಹೇಳಿದವಳೂ ಅವಳೇ.

ಈಗ ಅವಳು ಅಡ್ಡ ಬಂದಳು. ಮೂರನೆಯ ಏಟು ಅವಳ ಮೊಣಕೈಗೆ ಬಿತ್ತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಕೂಗಲಿಲ್ಲ.

“ಕಡಿದ ಮ್ಯಾಲೂ ನಿಮ್ಮ ಮುತ್ತಜ್ಜ ಲಗೂನ ಸಾಯಲಿಲ್ಲ,” ಎಂದಳು. “ಗುಟುಕು ನೀರು ಕೇಳಿದ. ಎದುರಿಗೇ ಕೆರಿ ಇತ್ತು. ಅವರು ಕೊಡಲಿಲ್ಲ.”

ಗುಂಡಪ್ಪ ಈ ಮಾತನ್ನು ಅಪ್ಪನಿಂದಲೂ ಕೇಳಿರಲಿಲ್ಲ, ಅಜ್ಜನಿಂದಲೂ ಕೇಳಿರಲಿಲ್ಲ.

“ನಿನಗ ಯಾರು ಹೇಳಿದ್ರು ಇದನ್ನ? ಅವತ್ತು ಅಲ್ಲಿ ನಮ್ಮವರು ಯಾರೂ ಇರಲಿಲ್ಲ.”

ಸಾವಿತ್ರಿ ಒಂದೇ ಕೈಯಲ್ಲಿ ಹುಡುಗನ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿಲ ಕಡೆ ನಡೆಸಿದಳು.

“ಹೊಸ್ತಿಲ ದಾಟಿದಿ ಅಂದ್ರ ತಿರುಗಿ ಬರಬ್ಯಾಡ,” ಗುಂಡಪ್ಪ ಗುಡುಗಿದ. “ಏನಾಗಬೇಕು ಅವ ನಿನಗ?”

“ನಮ್ಮಣ್ಣನ ಮಗ,” ಎಂದು ಹೊರಗೆ ಹೋದ ಸಾವಿತ್ರಿ ಮತ್ತೆ ಬರಲಿಲ್ಲ.