ಆ ಕಡೆಯವರು

"ಅವನೇನಾದ್ರೂ ಇಲ್ಲಿಗೇ ಬಂದುಬಿಟ್ರೆ?" ಟೈಲರಮ್ಮ ಮತ್ತೆ ಕೇಳಿದಳು. ಒಂದು ಕೈ ಮಗಳ ಮಣಿಕಟ್ಟಿನ ಮೇಲಿತ್ತು, ಕಣ್ಣು ಮೆಟ್ಟಿಲಿನ ಕಡೆಗಿತ್ತು.

"ಬರಲಿ ಬಿಡಿ, ಬಾಗಿಲಲ್ಲಿ ಪೊಲೀಸಿನವರಿದ್ದಾರೆ," ಎಂದಳು ಕೋರ್ಟಿನ ಸಹಾಯ ಕೇಂದ್ರದ ಹೆಂಗಸು. ಕನ್ನಡಕ ಸರಿಮಾಡಿಕೊಂಡು ಮಗಳ ಕಡೆ ತಿರುಗಿದಳು. "ನೀನು ಹೇಳಮ್ಮಾ. ಹೊಡೆದಿದ್ದು ಯಾರು?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದಾಗಿತ್ತು.

"ಇನ್ಯಾರು, ಕಟ್ಕೊಂಡವನು! ಬಸ್ಸು ಓಡಿಸ್ತಾನೆ. ನಾನು ಬೇಡ ಬೇಡ ಅಂತ ಬಡ್ಕೊಂಡೆ, ಕೇಳಿದಳಾ?" ಟೈಲರಮ್ಮ ಮಗಳ ಅಂಗಿಯ ತೋಳನ್ನು ತಾನೇ ಮೇಲೆ ಸರಿಸಿದಳು. ಮೊಣಕೈಯಿಂದ ಮೇಲಕ್ಕೆ ಬಾಸುಂಡೆಗಳು, ಗೆರೆ ಎಳೆದ ಹಾಗೆ ನೇರ. "ನೋಡಿ, ಬೆಲ್ಟಲ್ಲಿ ಬಾರಿಸಿದ್ದಾನೆ."

ಹೆಂಗಸು ಬಗ್ಗಿ ನೋಡಿದಳು. "ಇನ್ನೂ ನೀಲಿಯಾಗೇ ಇದೆಯಲ್ಲ. ಯಾವಾಗ ಆಗಿದ್ದು?"

"ಮೊನ್ನೆ," ಎಂದಳು ಮಗಳು. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ಗಂಡನ ಮನೆ ಬಿಟ್ಟು ಎಷ್ಟು ದಿನ ಆಯ್ತು?"

"ತಿಂಗಳಾಯ್ತು ನಾನು ಕರ್ಕೊಂಡು ಬಂದು," ಟೈಲರಮ್ಮ ನಡುವೆ ಬಾಯಿ ಹಾಕಿದಳು. "ಆದ್ರೂ ಬಿಡ್ತಾನಾ? ಮೊನ್ನೆ ಬಂದು ಬಾಗಿಲು ಬಡಿದು ರಂಪ ಮಾಡ್ದ. ಬೀದಿಯೆಲ್ಲಾ ನೋಡಿದೆ, ಬೇಕಾದ್ರೆ ಕೇಳಿ."

ಹೆಂಗಸಿನ ಪೆನ್ನು ಒಂದು ಗಳಿಗೆ ನಿಂತು ಮತ್ತೆ ಓಡಿತು.

ಗಂಡ ತೀರಿಕೊಂಡ ಮೇಲೆ ಟೈಲರಮ್ಮ ಒಂದೇ ಹೊಲಿಗೆ ಯಂತ್ರದಿಂದ ಅಂಗಡಿ ಕಟ್ಟಿದವಳು. ಅಲ್ಲಿನ ಹುಡುಗಿಯರು ಆಕೆಯ ಮರದ ಸ್ಕೇಲು ಮೇಜಿಗೆ ತಾಗಿದ ಸದ್ದಿಗೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಬಾಯಿ ಜೋರು, ಆದರೆ ಹೆತ್ತ ಕರುಳು. ಈ ಒಂದು ತಿಂಗಳು ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದಳು, ಆ ಪ್ರಾಣಿ ಒಳಗೆ ನುಗ್ಗಿದರೆ ಯಾರು ಗತಿ? ಅವನ ಮಾತಿಗೆ ಮರುಳಾಗದಿರಲಿ ಎಂದು ಮಗಳ ಮೊಬೈಲನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದಳು. ಹುಡುಗಿಗೆ ಬುದ್ಧಿ ಬರಲಿಲ್ಲ. ಅತ್ತಳು, ಊಟ ಬಿಟ್ಟಳು, ಗಂಡನ ಮೇಲೆ ಒಂದು ಮಾತು ಆಡಲಿಲ್ಲ. ಕೋರ್ಟಿಗೆ ಹೋಗೋಣ ಎಂದಾಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿದಳು.

ನಿನ್ನೆ ಬೆಳಗ್ಗೆ ಮಾತ್ರ ತಾನಾಗಿಯೇ ಎದ್ದು ಬಂದು, "ಹೋಗೋಣ ಅಮ್ಮ, ಕೋರ್ಟಿಗೆ," ಅಂದಿದ್ದಳು. ಟೈಲರಮ್ಮನ ಕಣ್ಣು ತುಂಬಿ ಬಂದಿತ್ತು.

"ಇವತ್ತೇ ಆದೇಶ ಸಿಗುತ್ತಾ?" ಎಂದು ಈಗ ಟೈಲರಮ್ಮ ಕೇಳಿದಳು.

"ತುರ್ತು ಅಂತ ನ್ಯಾಯಾಧೀಶರಿಗೆ ಅನ್ನಿಸಿದ್ರೆ ಇವತ್ತೇ. ಹತ್ತಿರ ಹೋಗೋ ಹಾಗಿಲ್ಲ, ಫೋನ್ ಮಾಡೋ ಹಾಗಿಲ್ಲ, ಇನ್ನೊಬ್ಬರ ಕೈಲಿ ಹೇಳಿ ಕಳಿಸೋ ಹಾಗೂ ಇಲ್ಲ. ಮೀರಿದ್ರೆ ಜೈಲು."

"ಆ ಕಡೆಯವರನ್ನ ಕೇಳದೇನೇ?"

"ಮೊದಲಿಗೆ ಕೇಳಲ್ಲ. ಜೀವ ಮುಖ್ಯ ಅಲ್ವಾ? ಆಮೇಲೆ ಒಂದು ದಿನ ಕರೆದು ಅವರ ಮಾತೂ ಕೇಳ್ತಾರೆ."

"ಕೇಳೋದಕ್ಕೇನಿದೆ ಮಣ್ಣು!" ಎಂದಳು ಟೈಲರಮ್ಮ. ಇಷ್ಟು ಒಳ್ಳೆಯ ಕಾನೂನು ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ.

ಮೊಗಸಾಲೆಯಲ್ಲಿ ಗಾಳಿ ಆಡುತ್ತಿರಲಿಲ್ಲ. ಬೆಂಚಿನ ತುಂಬ ಜನ. ಮಗಳು ಗೋಡೆಗೂ ತಾಯಿಗೂ ನಡುವೆ ಇರುಕಿಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದಳು. ನೀರು ಕುಡಿದು ಬರಲೆಂದು ಎದ್ದರೆ ಟೈಲರಮ್ಮನೂ ಎದ್ದಳು. ಮಗಳು ಮತ್ತೆ ಕೂತಳು.

ಗುಮಾಸ್ತ ಬಾಗಿಲು ತೆರೆದು ಕರೆದ. ಇಬ್ಬರೂ ಎದ್ದರು.

"ಅರ್ಜಿ ಕೊಟ್ಟವರು ಮಾತ್ರ."

"ನಾನು ತಾಯಿ ಕಣಪ್ಪಾ!"

"ಯಾರಾದ್ರೂ ಅಷ್ಟೇ ಅಮ್ಮ. ಒಬ್ಬರನ್ನೇ ಕೂರಿಸಿ ಕೇಳೋದು ಇಲ್ಲಿಯ ಪದ್ಧತಿ."

ಟೈಲರಮ್ಮನ ಹಿಡಿತ ಬಿಗಿಯಾಯಿತು. ಮಗಳ ಕಿವಿಗೆ ಬಾಯಿ ಇಟ್ಟು, "ನಾನು ಹೇಳ್ಕೊಟ್ಟಿದ್ದೆಲ್ಲಾ ನೆನಪಿದೆ ತಾನೇ ಪಾಪು?" ಎಂದಳು.

"ಎಲ್ಲಾ ನೆನಪಿದೆ ಅಮ್ಮ. ಒಂದೂ ಮರೆತಿಲ್ಲ."

ಕೈ ಬಿಡಿಸಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಟೈಲರಮ್ಮ ಕೂತಳು, ಎದ್ದಳು, ಬಾಗಿಲಿಗೆ ಕಿವಿ ಕೊಟ್ಟು ಪೇದೆಯ ಕೈಲಿ ಬೈಸಿಕೊಂಡಳು. ನಡುವೆ ಗುಮಾಸ್ತ ಹೊರಗೆ ಬಂದು ಸಹಾಯ ಕೇಂದ್ರದ ಹೆಂಗಸಿನ ಮೊಬೈಲನ್ನು ಇಸಿದುಕೊಂಡು ಒಳಗೆ ಹೋದ. ಪೊಲೀಸ್ ಠಾಣೆಗೆ ಹೇಳುತ್ತಿರಬೇಕು. ಒಳ್ಳೆಯದೇ ಆಯಿತು, ಅಳಿಯನನ್ನು ಬಸ್ಸಿನಿಂದಲೇ ಇಳಿಸಿ ಎಳೆದೊಯ್ಯಲಿ.

ಆಗಲೇ ಅವನು ಕಾಣಿಸಿಕೊಂಡ.

ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತ, ಡ್ರೈವರ್ ಸಮವಸ್ತ್ರದಲ್ಲಿ, ಬೆವರಿಳಿಸಿಕೊಂಡು. ಟೈಲರಮ್ಮ ಹೌಹಾರಿದಳು. "ಹಿಡೀರಿ ಅವನನ್ನ! ಕೊಲ್ಲೋದಕ್ಕೇ ಬಂದಿದಾನೆ!"

ಬಾಗಿಲ ಬಳಿಯ ಪೇದೆ ಅವನನ್ನು ತಡೆದು ಏನೋ ಕೇಳಿದ. ಅವನು ಏನೋ ಹೇಳಿದ. ಪೇದೆ ಬೆಂಚು ತೋರಿಸಿ ಕೂರಿಸಿದ. ಇದೆಂಥ ಪೊಲೀಸು! ಕೊಲೆಗಾರನಿಗೆ ಇಷ್ಟು ಮರ್ಯಾದೆ!

ಬಾಗಿಲು ತೆರೆಯಿತು. ಮಗಳು ಹೊರಗೆ ಬಂದಳು, ಪಕ್ಕದಲ್ಲಿ ಕಾಗದ ಹಿಡಿದ ಮಹಿಳಾ ಪೇದೆ. ಟೈಲರಮ್ಮ ಎರಡೂ ಕೈ ಚಾಚಿ ಓಡಿದಳು. "ಬಾ ಪಾಪು, ಅವನ ಕಡೆ ನೋಡಬೇಡ! ಅಗೋ ಅಲ್ಲಿ ಕೂತಿದಾನೆ ನೋಡಿ ಮೇಡಂ, ಕೊಡಿ ಅವನ ಕೈಗೆ ಆ ಕಾಗದ!"

ಮಹಿಳಾ ಪೇದೆ ತಾಯಿ ಮಗಳ ನಡುವೆ ಬಂದು ನಿಂತಳು. ಬಸ್ಸಿನವನು ಎದ್ದು ನಿಂತ. ಮಗಳು ಹಿಂದಿರುಗಿ ನೋಡದೆ ಅವನ ಕಡೆ ನಡೆದಳು.

"ಹಿಂದೆ ಸರೀರಿ ಅಮ್ಮ," ಎಂದು ಪೇದೆ ಕಾಗದ ಚಾಚಿದಳು. "ಆದೇಶ ಆಗಿರೋದು ನಿಮ್ಮ ಮೇಲೆ."