ಬೀಗ ಹಾಕಿದ ಬ್ಲಾಗು

ಅವಳಿಗೆ ಎರಡು ಬ್ಲಾಗುಗಳಿದ್ದವು. ಒಂದರಲ್ಲಿ ಕತೆ ಬರೆಯುತ್ತಿದ್ದಳು, ಅದನ್ನು ಯಾರು ಬೇಕಾದರೂ ಓದಬಹುದಿತ್ತು. ಇನ್ನೊಂದು ಅವಳ ದಿನಚರಿ. ಅದಕ್ಕೆ ಪಾಸ್‌ವರ್ಡ್ ಇತ್ತು, ಓದುವವಳು ಅವಳೊಬ್ಬಳೇ.

ಭಾನುವಾರ ತಿಂಡಿ ಮುಗಿದ ಮೇಲೆ ಗಂಡ ಮೊಬೈಲನ್ನು ಅವಳ ಮುಂದಿಟ್ಟ. ಅವಳ ಹೊಸ ಕತೆಯನ್ನು ಅವನ ಆಫೀಸಿನ ಗ್ರೂಪಿಗೆ ಯಾರೋ ಕಳಿಸಿದ್ದರು. ಕತೆಯ ಗಂಡ ಹೆಂಡತಿಯೊಡನೆ ಮಾತೇ ಆಡುವುದಿಲ್ಲ. ಉಪ್ಪು ಬೇಕಾದರೂ ಬೆರಳಿನಿಂದ ತಟ್ಟೆಯ ಅಂಚು ತಟ್ಟುತ್ತಾನೆ.

"ನಿನ್ನೆ ಕ್ಯಾಂಟೀನಲ್ಲಿ ವಾದಿರಾಜ ನನ್ನ ಮುಖ ನೋಡ್ಕೊಂಡೇ ತಟ್ಟೆ ತಟ್ಟಿದ. ಎಲ್ಲರೂ ನಕ್ಕರು. ಇದು ನಾನೇ ತಾನೆ?"

"ಕತೆ ರೀ ಅದು."

"ಹಂಗಾದ್ರೆ ನಿಜ ಬರಿಯೋ ಆ ಇನ್ನೊಂದನ್ನ ತೋರ್ಸು. ಇಲ್ಲಾಂದ್ರೆ ಎರಡನ್ನೂ ಅಳಿಸಿಬಿಡು."

ಅವಳು ಪಾಸ್‌ವರ್ಡ್ ಒತ್ತಿ ಮೊಬೈಲನ್ನು ಅವನಿಗೆ ಕೊಟ್ಟು, ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಕುಳಿತಳು.

ಅವನು ಓದತೊಡಗಿದ. 'ಇವತ್ತು ಅವರೇ ಕಾಫಿ ಮಾಡಿಕೊಟ್ಟರು. ಜ್ವರ ಬಿಟ್ಟಿತಾ ಎಂದು ಹಣೆ ಮುಟ್ಟಿ ನೋಡಿದರು. ಸಂಜೆ ಕೆರೆ ಏರಿಯ ಮೇಲೆ ಕೂತು ನನ್ನಿಂದ ಕತೆ ಓದಿಸಿ ಕೇಳಿದರು.' ಓದುತ್ತಾ ಹೋದಂತೆ ಅವನ ಮುಖ ಕಪ್ಪಿಟ್ಟಿತು.

"ಯಾರೇ ಇವನು?"

"ನೀವೇ ರೀ," ಎಂದಳು. "ನಾನು ಕತೆ ಬರಿಯೋದು ಈ ದಿನಚರೀಲಿ ಮಾತ್ರ."