ಹೂಳು ಸುರಿಯುವ ಜಾಗ

ಬಾರ್ಜಿನ ತಳದ ಬಾಗಿಲುಗಳು ತೆರೆದುಕೊಂಡವು. ಬಂದರಿನ ಕಾಲುವೆಯಿಂದ ಬಗೆದು ತಂದ ಹೂಳು ನೋಡನೋಡುತ್ತಿದ್ದಂತೆ ಕಡಲಿಗಿಳಿಯಿತು. ಹೊಟ್ಟೆ ಬರಿದಾದ ಬಾರ್ಜು ಆಳೆತ್ತರ ಮೇಲೆದ್ದು ತೂಗಾಡಿತು. ಸ್ವಲ್ಪ ದೂರದಲ್ಲಿ ನಿಂತಿದ್ದ ಸಮೀಕ್ಷೆಯ ಬೋಟಿನಲ್ಲಿ ಕಂಬಿ ಹಿಡಿದುಕೊಂಡು ಅಮ್ಮ ಕೇಳಿದಳು, "ಇಷ್ಟೇನಾ?"

"ಇಷ್ಟೇ ಅಮ್ಮ," ಎನ್ನುತ್ತಾ ಮಗಳು ಬಣ್ಣದ ತೇಲುಬುರುಡೆಗಳನ್ನು ಆ ಕೆಸರು ನೀರಿನ ಮೇಲೆ ಒಂದೊಂದಾಗಿ ಎಸೆದಳು. ಬುರುಡೆ ಹೋದ ಕಡೆಗೇ ಕೆಸರೂ ಹೋಗುತ್ತದೆ. ಅದರ ಬೆನ್ನು ಹತ್ತುವುದೇ ಇವತ್ತಿನ ಪರೀಕ್ಷೆ.

ದೊಡ್ಡ ಹಡಗುಗಳು ಒಳಗೆ ಬರಬೇಕೆಂದು ಕಾಲುವೆಯನ್ನು ಆಳ ಮಾಡುವವರಿದ್ದರು. ತೆಗೆದ ಹೂಳನ್ನು ಎಲ್ಲಿ ಸುರಿದರೆ ಕಡಲಿಗೆ ಹಾನಿ ಕಡಿಮೆ ಎಂದು ಹೇಳುವುದು ಮಗಳ ಕೆಲಸ. ಕೊನೆಗೆ ಉಳಿದದ್ದು ಎರಡೇ ಜಾಗ. ಒಂದು, ದಡದಲ್ಲಿ ಕೂತರೆ ಕಣ್ಣಿಗೆ ಕಾಣುವ ಇದು. ಇನ್ನೊಂದು, ದಡವೇ ಕಾಣದಷ್ಟು ದೂರದ ಆಳ. ಈ ಪರೀಕ್ಷೆಗೆ ಅಮ್ಮ ಯಾಕೆ ಬಂದಿದ್ದಾಳೆಂದು ಬೋಟಿನಲ್ಲಿ ಯಾರೂ ಕೇಳಲಿಲ್ಲ. ಅದೇ ಕಾಲುವೆಯಲ್ಲಿ ಹಡಗೆಳೆಯುವ ಟಗ್ ಮಗುಚಿ, ಅದರಲ್ಲಿದ್ದ ಅವಳ ಮಗ ಮುಳುಗಿದ್ದ. ಹುಡುಕಲು ಇಳಿದವರು ಬರಿಗೈಲಿ ಮೇಲೆ ಬಂದು, ಹೂಳಿನಡಿ ಸೇರಿರಬೇಕು ಎಂದು ಕೈಚೆಲ್ಲಿದ್ದರು. ಅಂದಿನಿಂದ ಅಮ್ಮನ ಪಾಲಿಗೆ ಆ ಹೂಳೇ ಮಗ. ದಿನಾ ಸಂಜೆ ಬಂದರಿನ ಕಟ್ಟೆಯ ಮೇಲೆ ಕೂತು, ಕಾಲುವೆಯ ಕಡೆ ಮುಖ ಮಾಡಿ, ಮನೆಯ ಸಣ್ಣಪುಟ್ಟ ಸುದ್ದಿಯನ್ನೆಲ್ಲ ಹೇಳಿ ಎದ್ದು ಬರುತ್ತಿದ್ದಳು.

"ಹೊರಗಿನವರನ್ನ ಹತ್ತಿಸಬಾರದು ಅಂತ ನಿಯಮ ಇದೆಯಲ್ಲ ಮಾವ," ಎಂದು ಬೆಳಿಗ್ಗೆ ಮಗಳು ಗೊಣಗಿದ್ದಳು. ಬೋಟು ನಡೆಸುವವನು ಅಮ್ಮನ ಒಡಹುಟ್ಟಿದ ತಮ್ಮನೇ. "ನಿಮ್ಮಮ್ಮಂಗೆ ಬೇಡ ಅನ್ನೋ ಧೈರ್ಯ ಇದ್ದಿದ್ರೆ ನಾನು ಈ ಡಬ್ಬಾ ಬಿಟ್ಟು ಹಡಗೇ ನಡೆಸ್ತಿದ್ದೆ ಕಣಮ್ಮ," ಎಂದು ನಕ್ಕು ಅವನು ಅಕ್ಕನಿಗೆ ಕೈ ಕೊಟ್ಟು ಹತ್ತಿಸಿಕೊಂಡಿದ್ದ. ಹತ್ತಿದವಳೇ ಅಮ್ಮ ಮಗಳಿಗೆ ಹೇಳಿದ್ದು ಒಂದೇ ಮಾತು: "ಹತ್ತಿರದ ಜಾಗಾನೇ ಆಗ್ಲಿ ಅಂತ ಬರಿಯೇ. ಕಟ್ಟೆ ಮೇಲಿಂದ ಕಾಣ್ತಿರ್ಲಿ, ನಂಗೆ ಅಷ್ಟು ಸಾಕು." ಮಗಳು "ಪರೀಕ್ಷೆ ಆಗ್ಲಿ, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಳು. ಹತ್ತಿರದ ಜಾಗವೇ ಸರಿಹೋಗಲಿ ಎಂದು ಅವಳ ಮನಸ್ಸೂ ಹಂಬಲಿಸುತ್ತಿತ್ತು. ಹೋದವನು ಅವಳಿಗೂ ತಮ್ಮನಲ್ಲವೇ.

ಬುರುಡೆಗಳು ಕೊಂಚ ಹೊತ್ತು ನಿಂತಲ್ಲೇ ತಿರುಗಿದವು. ಆಮೇಲೆ ಉಬ್ಬರದ ನೀರು ಹಿಡಿದು ನೇರ ದಡದ ಕಡೆ ಹೊರಟವು. ಅವುಗಳ ಹಿಂದೆಯೇ ಕೆಸರಿನ ಬಣ್ಣವೂ ಹರಡುತ್ತಾ ಹೋಯಿತು.

ಅಮ್ಮ ಜೋರಾಗಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! "ನೋಡೋ ತಮ್ಮ, ಮನೆ ಕಡೆಗೇ ತಿರುಗ್ದ! ಚಿಕ್ಕವನಿದ್ದಾಗ್ಲೂ ಹೀಗೇ. ಎಲ್ಲಿ ಆಡೋಕೆ ಬಿಟ್ರೂ ಹಸಿವಾದ ತಕ್ಷಣ ಬಾಗಿಲಲ್ಲಿ ಹಾಜರು."

ಮಾವ ಅಕ್ಕನ ಮಗಳ ಮುಖ ನೋಡಿದ. ಅವಳು ಬಾಟಲಿಯಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದಿದ್ದಳು. ಕೆಸರಿಗೆ ಆಚೆಯ ಬೆರಳು ಈಚೆಗೆ ಕಾಣುತ್ತಿರಲಿಲ್ಲ.

"ಅಮ್ಮ, ಈ ಜಾಗ ಆಗಲ್ಲ."

"ಯಾಕಾಗಲ್ಲ? ತಾನಾಗೇ ಬರ್ತಿದಾನಲ್ಲೇ."

"ದಡದ ಹತ್ತಿರ ಏಡಿಮರಿಗಳು ಬೆಳೆಯೋ ಜಾಗ ಇದೆ ಅಮ್ಮ. ದಿನಾ ಇಷ್ಟು ಕೆಸರು ಅಲ್ಲಿಗೆ ಹೋದ್ರೆ..." ಮಗಳು ಬಾಟಲಿಯನ್ನು ಕೆಳಗಿಟ್ಟಳು. ಹೇಳಲೇಬೇಕಿತ್ತು. "ಉಸಿರು ಕಟ್ಟಿ ಸಾಯ್ತವೆ."

ಅಮ್ಮನ ನಗು ಆರಿಹೋಯಿತು. ಕೆಸರು ನೀರಿನ ಕಡೆ ಬಗ್ಗಿ ನೋಡಿದಳು. ಜಗಳವಾಡುತ್ತಾಳೆ, ಅಳುತ್ತಾಳೆ, ನಿನಗೆ ತಮ್ಮನಿಗಿಂತ ಏಡಿಯೇ ಹೆಚ್ಚಾಯಿತಾ ಎನ್ನುತ್ತಾಳೆ ಎಂದು ಮಗಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅಮ್ಮ ಅದೇನೂ ಮಾಡಲಿಲ್ಲ.

"ಬೇಡ. ಉಸಿರು ಕಟ್ಟೋದು ಬೇಡ ಯಾವುದಕ್ಕೂ. ದೂರದ್ದೇ ಬರಿ," ಎಂದು ಹಲಗೆಯ ಮೇಲೆ ಕೂತುಬಿಟ್ಟಳು.

ಬುರುಡೆಗಳನ್ನು ಎತ್ತಿಕೊಂಡು ಬೋಟು ಬಂದರಿನ ಕಡೆ ತಿರುಗಿತು. ಬಂದರಿನ ಕಟ್ಟೆ ಹತ್ತಿರವಾದಾಗ ಅಮ್ಮ ಮಗಳ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು, "ಅಲ್ಲ ಕಣೇ, ಆ ದೂರದಲ್ಲಿ ಏನಿದೆ? ಅವನ ಜೊತೆಗೆ ಏನಾದ್ರೂ ಇರತ್ತಾ?"

ಅಲ್ಲಿ ಏನೂ ಇರಲಿಲ್ಲ. ಮಗಳು ಎಷ್ಟೋ ಸಲ ಆ ಆಳದ ಮಣ್ಣೆತ್ತಿಸಿ ಜರಡಿಯಲ್ಲಿ ತೊಳೆದು ನೋಡಿದ್ದಳು. ಒಂದು ಹುಳವಾಗಲಿ, ಚಿಪ್ಪಾಗಲಿ ಸಿಕ್ಕಿರಲಿಲ್ಲ. ಬದುಕಿರುವುದೇ ಇಲ್ಲವೆಂದ ಮೇಲೆ ಸಾಯುವುದೂ ಇಲ್ಲ. ಆ ಜಾಗದ ದೊಡ್ಡ ಗುಣವೇ ಅದು ಎಂದು ಮೊನ್ನೆಯ ಸಭೆಯಲ್ಲಿ ಅವಳೇ ಎದ್ದು ನಿಂತು ಹೆಮ್ಮೆಯಿಂದ ಹೇಳಿದ್ದಳು.

"ಮೀನಿದೆ ಅಮ್ಮ," ಎಂದಳು ಈಗ, ಬೇರೆ ಕಡೆ ನೋಡುತ್ತಾ. "ತುಂಬಾ ಇದೆ. ಹಿಂಡು ಹಿಂಡು."

ಅಮ್ಮ ಅವಳ ಒದ್ದೆ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಮೀನಿರೋ ಕಡೆ ಕೆಸರು ಸುರಿಯೋಕೆ ನೀನು ಬಿಡೋಳಲ್ಲ ಕಣೇ."